ಮಗಳು 800 ಮೀಟರ್ ಓಡ್ತಾಳೆ, ಪಿಯುಸಿಗೆ ಎಲ್ಲಿ ಸೇರಿಸೋದು?

ಹಾಸನದವನು: ನಮಸ್ಕಾರ ಎಲ್ರಿಗೂ. ಮಗಳು ಎಸ್ಸೆಸ್ಸೆಲ್ಸಿ, ಎಂಟನೇ ಕ್ಲಾಸಲ್ಲಿ 800 ಮೀಟರ್‌ಗೆ 2:50 ತಗೋತಿದ್ಳು, ಈಗ 2:31ಕ್ಕೆ ಬಂದಿದಾಳೆ, ಆದ್ರೆ ಈ ವರ್ಷ ಉದ್ದ ಆಗಿ ಟೈಮಿಂಗ್ ಅಲ್ಲೇ ನಿಂತ್ಬಿಟ್ಟಿದೆ, ಬೇಗ ಸುಸ್ತು ಅಂತಾಳೆ. ಕಾಲೇಜಲ್ಲೂ ಓಡ್ಬೇಕು ಅಂತ ಹಠ. ನಮ್ಮವರೆಲ್ಲ ಓದು ಹಾಳಾಗುತ್ತೆ ಅಂತಿದಾರೆ, ಏನ್ ಮಾಡ್ಲಿ?

ಕಾಫಿತೋಟ: ಸರ್ ಮೊದ್ಲು ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕಬ್ಬಿಣದಂಶ ಎಷ್ಟು ಕೂಡಿಟ್ಟಿದೆ ಅಂತ ತೋರ್ಸೋ ಟೆಸ್ಟ್) ಚೆಕ್ ಮಾಡ್ಸಿ. ಈ ವಯಸ್ಸಲ್ಲಿ ಓಡೋ ಹೆಣ್ಮಕ್ಳಿಗೆ ಕಬ್ಬಿಣದಂಶ ಕಮ್ಮಿ ಆಗೋದು ತುಂಬಾ ಕಾಮನ್, ಕೋಚ್‌ಗಳು ಸೋಮಾರಿತನ ಅಂತ ಬೈತಾರೆ ಅಷ್ಟೆ. ಡಾಕ್ಟ್ರನ್ನ ಕೇಳ್ದೆ ಮಾತ್ರೆ ಕೊಡ್ಬೇಡಿ. ಮೈ ಬೆಳೆಯೋ ಟೈಮಲ್ಲಿ ಟೈಮಿಂಗ್ ನಿಲ್ಲೋದೂ ಮಾಮೂಲು, ಅದಕ್ಕೆ ಹೆದ್ರಿ ಡಬಲ್ ಓಡ್ಸಿದ್ರೆ ಮೊಣಕಾಲ ಕೆಳಗಿನ ಮೂಳೆ ನೋವು ಶುರುವಾಗುತ್ತೆ.

ಮೂಡಿಗೆರೆ ಎಕ್ಸ್‌ಪ್ರೆಸ್: ಮೂಡಬಿದಿರೆ ಆಳ್ವಾಸ್ ಕಾಲೇಜ್ ನೋಡಿ, ಕ್ರೀಡಾ ದತ್ತು ಅಂತ ತಗೋತಾರೆ, ಓದು ಊಟ ಹಾಸ್ಟೆಲ್ ಫ್ರೀ, ಆದ್ರೆ ಸೆಲೆಕ್ಷನ್ ಟಫ್. ಆಳ್ವಾಸ್ ಡಿಗ್ರಿ ಮಕ್ಳು ಓಡೋ ಮಂಗಳೂರು ಯೂನಿವರ್ಸಿಟಿ ಅಂತರ ವಿವಿ ಅಥ್ಲೆಟಿಕ್ಸ್‌ನಲ್ಲಿ ಅಷ್ಟು ಸಲ ಚಾಂಪಿಯನ್ ಆಗಿದ್ದು ಸುಮ್ನೇನಾ. ಜಿಲ್ಲೆ, ರಾಜ್ಯ ಮಟ್ಟದ ಸರ್ಟಿಫಿಕೇಟ್ ಒಂದೂ ಕಳ್ಕೋಬೇಡಿ, ಮುಂದೆ ಸ್ಪೋರ್ಟ್ಸ್ ಕೋಟಾಗೆ ಅದೇ ಕೇಳೋದು.

ಕಾಫಿತೋಟ: ಸೆಲೆಕ್ಷನ್ ಸಿಕ್ಲಿಲ್ಲ ಅಂದ್ರೆ ಹಾಸನದಲ್ಲೇ ಪಿಯುಸಿ ಮಾಡ್ಸಿ, ಅಲ್ಲೂ ಕಾಲೇಜ್ ಮಟ್ಟದ ಕ್ರೀಡಾಕೂಟ ಇರುತ್ತೆ. ಹದಿನಾರಕ್ಕೇ ಹಾಸ್ಟೆಲ್ ಎಲ್ರಿಗೂ ಒಗ್ಗಲ್ಲ.

ಹಾಸನದವನು: ಥ್ಯಾಂಕ್ಸ್, ಸೋಮವಾರ ರಕ್ತ ಪರೀಕ್ಷೆ ಮಾಡಿಸ್ತೀನಿ. ಆಳ್ವಾಸ್‌ಗೆ ಮಾರ್ಕ್ಸ್ ಎಷ್ಟಿರ್ಬೇಕು, ಗೊತ್ತಿದ್ದವ್ರು ಹೇಳಿ.