ಸಹಾಯ ಬೇಕು: ಪಕ್ಕಕ್ಕೆ ತಿರುಗಿದ ಮುಖದ ಹೋಲಿಕೆ ಹಿಡಿಯೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಬಿವಿಎ (ದೃಶ್ಯಕಲೆಯ ಪದವಿ) ಓದುತ್ತಿದ್ದೇನೆ. ಈ ಸೆಮಿಸ್ಟರ್‌ನಲ್ಲಿ ಫಿಗರ್ ಡ್ರಾಯಿಂಗ್ (ಇಡೀ ಮೈಯ ಚಿತ್ರ), ಪೋರ್ಟ್ರೇಟ್ (ಮುಖದ ಚಿತ್ರ) ಎರಡೂ ಇವೆ. ಫಿಗರ್ ಪರವಾಗಿಲ್ಲ. ನಿಂತ ಆಳಿನ ಎತ್ತರ ಸುಮಾರು 7.5 ತಲೆಯಷ್ಟು ಎಂದು ಗುರುತು ಹಾಕಿಕೊಂಡರೆ ಮೈಕಟ್ಟು ಹಿಡಿತಕ್ಕೆ ಬರುತ್ತದೆ.

ಕಷ್ಟ ಇರುವುದು ಪೋರ್ಟ್ರೇಟ್‌ನಲ್ಲಿ. ಎದುರಿನಿಂದ ಬರೆದರೆ ಹೋಲಿಕೆ ಬರುತ್ತದೆ. ಮಾಡೆಲ್ ಸ್ವಲ್ಪ ತಿರುಗಿ ಕೂತರೆ ಸಾಕು, ಆಚೆ ಬದಿಯ ಕಣ್ಣು ಜಾಗ ತಪ್ಪುತ್ತದೆ. ಆ ಕಣ್ಣಿನ ಮೂಲೆಯನ್ನು ಮೂಗು ಮರೆ ಮಾಡಿರುತ್ತದೆ, ಅಗಲವೂ ಕಡಿಮೆ ಕಾಣಬೇಕು. ಗೊತ್ತಿದ್ದರೂ ಕೈ ಪೂರ್ತಿ ಕಣ್ಣನ್ನೇ ಬರೆದುಬಿಡುತ್ತದೆ. ನಮಗೆ ಕೂರುವವರು ಒಬ್ಬರು ಅಜ್ಜ. ಕೆನ್ನೆಮೂಳೆ ಎದ್ದು ಕಾಣುತ್ತದೆ, ಅದರ ಕೆಳಗೆ ಆಳವಾದ ಗುಳಿ. ಚಾರ್ಕೋಲ್‌ಗೆ (ಇದ್ದಿಲ ಕಡ್ಡಿಯ ಚಿತ್ರಕ್ಕೆ) ಹೇಳಿ ಮಾಡಿಸಿದ ಮುಖ! ಅವರ ಮುಖದ ತಾಳ್ಮೆ ನನ್ನ ಹಾಳೆಗೂ ಬರಬೇಕು ಅನ್ನೋದು ಆಸೆ.

ಅನುಭವ ಇರುವವರು ದಯವಿಟ್ಟು ಹೇಳಿ. ಮೊದಲು ಹಣೆ, ಕೆನ್ನೆ, ದವಡೆಯ ಔಟ್‌ಲೈನ್ ಕಟ್ಟಿಕೊಳ್ಳಬೇಕಾ, ಮೂಗಿನಿಂದ ಶುರು ಮಾಡಬೇಕಾ? ಕೂತು ಕೂತು ಅಜ್ಜನ ತಲೆ ನಿಧಾನಕ್ಕೆ ವಾಲುತ್ತದೆ. ಆಗ ಗೆರೆ ತಿದ್ದಬೇಕಾ, ಮೊದಲಿನದನ್ನೇ ಉಳಿಸಿಕೊಳ್ಳಬೇಕಾ?

ಮನೆಯಲ್ಲಿ ಫೋಟೋ ನೋಡಿ ಅಭ್ಯಾಸ ಮಾಡಿದರೆ ಮುಖ ಚಪ್ಪಟೆ ಆಗುತ್ತದೆ. ಜಗನ್ಮೋಹನ ಅರಮನೆಯಲ್ಲಿರುವ, ಕಲಾವಿದ ಹಲ್ದಣಕರ್ ಅವರ ದೀಪ ಹಿಡಿದ ಮಹಿಳೆಯ ಜಲವರ್ಣ ಚಿತ್ರ ನೋಡಿದ್ದೀರಲ್ವಾ? ಒಂದೇ ದೀಪದ ಬೆಳಕು ಎಷ್ಟು ಕೆಲಸ ಮಾಡಿದೆ! ಹಾಗೆ ಒಂದೇ ಬಲ್ಬ್ ಇಟ್ಟು ಮನೆಯವರನ್ನು ಕೂರಿಸಿ ಬರೆದರೆ ಉಪಯೋಗ ಆಗುತ್ತಾ? ಭಾನುವಾರ ಮೈಸೂರಿನಲ್ಲಿ ಒಟ್ಟಿಗೆ ಕೂತು ಪೋರ್ಟ್ರೇಟ್ ಬರೆಯುವವರಿದ್ದರೆ ತಿಳಿಸಿ, ನಾನೂ ಬರ್ತೀನಿ. ನಾನೂ ಮಾಡೆಲ್ ಆಗಿ ಕೂರುತ್ತೇನೆ.