ಇಸಿಜಿಯ ‘ಲೀಡ್’ಗೆ ಕನ್ನಡದಲ್ಲಿ ಏನನ್ನೋಣ? ಜೊತೆಗೆ ‘ಏರುಪೇರು’, ‘ತೆನೆ’

ಎಲ್ಲರಿಗೂ ನಮಸ್ಕಾರ.

ನಾನು ಬಾಗಲಕೋಟೆಯ ನವನಗರದಲ್ಲಿ ನರ್ಸಿಂಗ್ ಹುಡುಗಿಯರಿಗೆ ಪಾಠ ಹೇಳುತ್ತೇನೆ. ಪುಸ್ತಕ, ಪರೀಕ್ಷೆ ಎರಡೂ ಇಂಗ್ಲಿಷಿನಲ್ಲಿವೆ. ಆದರೆ ಹುನಗುಂದ, ಬೀಳಗಿ, ಮುಧೋಳ ಕಡೆಯ ಹಳ್ಳಿಗಳಿಂದ ಬರುವ ಮಕ್ಕಳಿಗೆ ಇಸಿಜಿ (ಹೃದಯದ ವಿದ್ಯುತ್ತನ್ನು ಕಾಗದದ ಮೇಲೆ ಗೆರೆಯಾಗಿ ಮೂಡಿಸುವ ಪರೀಕ್ಷೆ) ಓದುವುದನ್ನು ಇಂಗ್ಲಿಷಿನಲ್ಲೇ ಹೇಳಿದರೆ ಬಾಯಿಪಾಠ ಆಗುತ್ತದೆ, ತಲೆಗೆ ಇಳಿಯುವುದಿಲ್ಲ. ಅದಕ್ಕೇ ಕನ್ನಡದಲ್ಲಿ ಒಂದು ಸಣ್ಣ ಟಿಪ್ಪಣಿ ಬರೆಯುತ್ತಿದ್ದೇನೆ. ಅರ್ಧ ಮುಗಿಸಿ ‘ಲೀಡ್’ ಅನ್ನೋ ಪದದ ಹತ್ತಿರ ನಿಂತುಬಿಟ್ಟಿದ್ದೇನೆ.

ವಾರ್ಡಿನಲ್ಲಿ ‘ಲೀಡ್ ಹಚ್ಚು’ ಅಂದರೆ ತಂತಿ ಹಚ್ಚು ಅಂತಲೇ ಅರ್ಥ. ಎದೆಗೆ ಆರು, ಕೈಕಾಲಿಗೆ ನಾಲ್ಕು, ಒಟ್ಟು 10 ತಂತಿ. ಆದರೆ ಕಾಗದದ ಮೇಲೆ ಮೂಡುವುದು 12 ಲೀಡ್. ಪ್ರತಿ ವರ್ಷ ಯಾರಾದರೂ ಒಬ್ಬಳು ಕೇಳಿಯೇ ಕೇಳುತ್ತಾಳೆ: “ಮೇಡಂ, ಉಳದ ಎರಡು ಎಲ್ಲಿ ಹಚ್ಚೂದ್ರಿ?” ಅವಳ ಪ್ರಶ್ನೆಯಲ್ಲಿ ತಪ್ಪಿಲ್ಲ. ತಂತಿಗೂ ಲೀಡ್, ತಂತಿಗಳಿಂದ ಸಿಗುವ ಚಿತ್ರಕ್ಕೂ ಲೀಡ್ ಅಂದರೆ ಅವಳಾದರೂ ಏನು ಮಾಡಬೇಕು?

ಒಂದನೇ ಲೀಡ್ ಅಂದರೆ ಬಲಗೈಗೂ ಎಡಗೈಗೂ ನಡುವಿನ ವಿದ್ಯುತ್ ವ್ಯತ್ಯಾಸ. ಎರಡನೆಯದು ಬಲಗೈಗೂ ಎಡಗಾಲಿಗೂ ನಡುವಿನದು. ಮೂರನೆಯದು ಎಡಗೈಗೂ ಎಡಗಾಲಿಗೂ ನಡುವಿನದು. ಇವೇ ಮೂರು ತಂತಿಗಳ ಲೆಕ್ಕವನ್ನು ಬೇರೆ ಥರ ಕೂಡಿಸಿ ಯಂತ್ರ ಇನ್ನೂ ಮೂರು ತೆಗೆಯುತ್ತದೆ: ಎವಿಆರ್, ಎವಿಎಲ್, ಎವಿಎಫ್. ಎದೆಯ ಆರು ಸೇರಿದರೆ 12 ಆಯಿತು. ಬಲಗಾಲಿನ ಕಪ್ಪು ತಂತಿಗೆ ತನ್ನದೇ ಅಂತ ಲೀಡ್ ಇಲ್ಲ. ಹೊರಗಿನ ವಿದ್ಯುತ್ತಿನ ಗದ್ದಲ ತಗ್ಗಿಸೋಕೆ ಅದು ಇರುವುದು.

ಮೊದಲ ಮೂರು ಲೀಡ್ ನಮಗೆ ಸಿಕ್ಕಿದ್ದು ನೆದರ್ಲ್ಯಾಂಡ್ಸ್‌ನ ಲೈಡನ್ ಊರಿನ ವಿಲ್ಲೆಮ್ ಐಂತೋವನ್ ಅವರಿಂದ. ಇಸಿಜಿಯ ಕೆಲಸಕ್ಕೆ 1924ರಲ್ಲಿ ಅವರಿಗೆ ನೊಬೆಲ್ ಬಂತು. ಅವರ ಕಾಲದಲ್ಲಿ ಮೈಗೆ ಅಂಟಿಸುವ ಬಿಲ್ಲೆ ಇರಲಿಲ್ಲ. ರೋಗಿ ಎರಡೂ ಕೈ, ಒಂದು ಕಾಲು ಉಪ್ಪುನೀರಿನ ಪಾತ್ರೆಗಳಲ್ಲಿ ಇಟ್ಟುಕೊಂಡು ಕೂರಬೇಕಿತ್ತು. ಆ ಹಳೇ ಫೋಟೋ ತೋರಿಸಿದಾಗ ಮಕ್ಕಳಿಗೆ ‘ನಡುವಿನ’ ಅನ್ನೋ ಮಾತು ಬೇಗ ತಿಳಿಯುತ್ತದೆ.

ಆಮೇಲೆ ಬಾದಾಮಿಗೆ ಹೋಗುತ್ತೇನೆ, ಮಾತಿನಲ್ಲೇ. ಅಲ್ಲಿನ ಗುಹೆಗುಡಿ ಮೇಣಬಸದಿಯ ಮೆಟ್ಟಿಲ ಮೇಲೆ ನಿಂತರೆ ಅಗಸ್ತ್ಯತೀರ್ಥದ ಕೆರೆ ಕಾಲ ಕೆಳಗೆ, ಎದುರಿಗೆ ಆ ಕಡೆಯ ಗುಡ್ಡ. ಭೂತನಾಥ ಗುಡಿ ಹತ್ತಿರ ನಿಂತರೆ ನೀರು ಮುಂದೆ, ಅದರಾಚೆ ಊರು. ಕೆರೆ ಒಂದೇ. ನಿಂತ ಜಾಗ ಬೇರೆ, ಕಂಡದ್ದು ಬೇರೆ. 12 ಲೀಡ್ ಅಂದರೆ ಒಂದೇ ಹೃದಯವನ್ನು 12 ಜಾಗದಲ್ಲಿ ನಿಂತು ನೋಡಿದ ಹಾಗೆ. ಎರಡು, ಮೂರು, ಎವಿಎಫ್ ಇವು ಕೆಳಗಿನಿಂದ ನೋಡುವಂಥವು. ಹೃದಯದ ಕೆಳಗೋಡೆಗೆ ರಕ್ತ ಹೋಗುವುದು ನಿಂತಾಗ ಬದಲಾವಣೆ ಈ ಮೂರರಲ್ಲಿ ಒಟ್ಟಿಗೆ ಕಾಣೋದು ಅದಕ್ಕೇ. ಲೀಡ್ ಅಂದರೆ ತಂತಿ ಅಂದುಕೊಂಡಿರುವ ಹುಡುಗಿ ಇದನ್ನು ಉರು ಹೊಡೆಯಬೇಕು. ನಿಂತು ನೋಡುವ ಜಾಗ ಅಂತ ತಿಳಿದವಳು ತಾನೇ ಹೇಳುತ್ತಾಳೆ.

ಹಾಗಾಗಿ ನನ್ನ ಮನಸ್ಸು ‘ನೋಟ’ದ ಕಡೆ ಇದೆ. ‘ಹನ್ನೆರಡು ನೋಟದ ಇಸಿಜಿ’, ‘ಕೆಳಗಿನ ನೋಟ’, ‘ಎದೆಯ ನೋಟ’. ತಂತಿಗೆ ತಂತಿ ಅಂತಲೇ, ಅಂಟಿಸುವುದಕ್ಕೆ ಬಿಲ್ಲೆ ಅಂತಲೇ ಇರಲಿ. ತೊಡಕು ಏನೆಂದರೆ, ನಮ್ಮ ಕಡೆ ಮಾತಿನಲ್ಲಿ ರೊಕ್ಕದ ನೋಟಿಗೂ ಎಷ್ಟೋ ಜನ ‘ನೋಟ’ ಅಂತಾರೆ. ‘ಹನ್ನೆರಡು ನೋಟ’ ಅಂದಾಗ ಹಿಂದಿನ ಬೆಂಚಿನವರ ಮುಖದಲ್ಲಿ ಒಂದು ಕ್ಷಣ ಆ ಗೊಂದಲ ನೋಡಿದ್ದೇನೆ. ‘ಕಿಂಡಿ’ ಅಂತಲೂ ಯೋಚಿಸಿದೆ. ಮಾಳಿಗೆ ಮನೆಯ ಬೆಳಕಿಂಡಿ ಎಲ್ಲರಿಗೂ ಗೊತ್ತು. ಆದರೆ ‘ಒಂದನೇ ಕಿಂಡಿ’ ಅಂದರೆ ಮೈಯಲ್ಲಿ ತೂತು ಇದ್ದ ಹಾಗೆ ಕೇಳಿಸುತ್ತದೆ. ‘ಕೋನ’ ಗಣಿತದ ತರಗತಿಗೆ ಕರೆದೊಯ್ಯುತ್ತದೆ.

ಇನ್ನೊಂದು ಪದ ‘ಏರುಪೇರು’. ಇದನ್ನು ಯಾಕೆ ಎತ್ತಿದೆ ಅಂದರೆ, ಇದರಿಂದ ಒಬ್ಬರಿಗೆ ನೋವಾಗಿದೆ. ಮೊದಲ ಸಲ ಟಿಪ್ಪಣಿ ಬರೆದಾಗ ನಾನು ‘ಗೆರೆಯ ಏರುಪೇರನ್ನು ಗಮನಿಸಿ’ ಅಂತ ಬರೆದಿದ್ದೆ. ಮೇಲೆ ಕೆಳಗೆ ಹೋಗುತ್ತದಲ್ವಾ, ಅಷ್ಟೇ ನನ್ನ ತಲೆಯಲ್ಲಿದ್ದದ್ದು. ವಾರ್ಡಿನಲ್ಲಿ ಒಬ್ಬ ಅಜ್ಜನ ಇಸಿಜಿ ಚೆನ್ನಾಗಿಯೇ ಬಂದಿತ್ತು. ನನ್ನ ವಿದ್ಯಾರ್ಥಿನಿ ಅವರ ಮಗಳಿಗೆ ಧೈರ್ಯ ಹೇಳಲು ಹೋಗಿ, “ಏರುಪೇರು ಎಲ್ಲಾ ಬರೋಬರಿ ಅದಾವ್ರಿ” ಅಂದಳು. ಆ ತಾಯಿಗೆ ಕೇಳಿಸಿದ್ದು ಮೊದಲ ಪದ ಮಾತ್ರ. “ನಮ್ಮಪ್ಪನ ಎದ್ಯಾಗ ಏರುಪೇರು ಆಗೇತೇನ್ರೀ ಅಕ್ಕಾರ?” ಅಂತ ಅಲ್ಲೇ ಕುಸಿದು ಕೂತು ಅತ್ತರು. ನಾನೇ ಹೋಗಿ ಪಕ್ಕದಲ್ಲಿ ಕೂತು ಸಮಾಧಾನ ಮಾಡಿದೆ. ಆ ಹುಡುಗಿ ನನ್ನ ಟಿಪ್ಪಣಿಯ ಪದವನ್ನೇ ಬಳಸಿದ್ದಳು.

ಬಿಪಿ ಏರುಪೇರು, ಮನೆಯಲ್ಲಿ ಏನೋ ಏರುಪೇರು, ಎಲ್ಲಿ ನೋಡಿದರೂ ಅದು ಕೆಟ್ಟದ್ದನ್ನೇ ಹೇಳುವ ಪದ. ‘ಸೀದಾ’ ಅನ್ನೋದು ಒಳ್ಳೆಯ ಪದ: ಸೀದಾ ಮನುಷ್ಯ, ಸೀದಾ ದಾರಿ. ಇಸಿಜಿಯಲ್ಲಿ ಇದು ತಿರುಗಾಮುರುಗಾ. ಗೆರೆ ಏರಿ ಇಳಿದರೇ ಜೀವ, ಎಲ್ಲಾ ಕಡೆ ಸೀದಾ ಆದರೆ ತಂತಿ ಕಳಚಿರಬೇಕು, ಇಲ್ಲವೇ ಹೃದಯ ನಿಂತಿರಬೇಕು. ಈಗ ‘ಏರಿಳಿತ’ ಅಂತ ತಿದ್ದಿದ್ದೇನೆ. ಬಡಿತ ಬಡಿತದ ನಡುವೆ ಗೆರೆ ಸಮವಾಗಿ ಸಾಗುವ ಜಾಗಕ್ಕೆ ‘ಸಮಗೆರೆ’ ಅಂತ ಬರೆದಿದ್ದೇನೆ. ‘ಏರಿಳಿತ’ ನಿಮ್ಮ ಊರುಗಳಲ್ಲಿ ಕೆಟ್ಟ ಅರ್ಥ ಕೊಡುತ್ತದಾ? ಇದನ್ನು ಖಂಡಿತ ತಿಳಿಸಿ.

ಮೂರನೆಯದು ಇಳಕಲ್ಲಿನ ಒಬ್ಬ ಹುಡುಗಿ ಕೊಟ್ಟ ಪದ. ಒಂದೊಂದು ಬಡಿತಕ್ಕೂ ಗೆರೆಯಲ್ಲಿ ಸಾಲಾಗಿ ಮೂಡುವ ಪಿ, ಕ್ಯೂಆರ್‌ಎಸ್, ಟಿ ಎಲ್ಲಕ್ಕೂ ನಾನು ‘ಅಲೆ’ ಅಂತಿದ್ದೆ. ಅವಳ ಮನೆಯಲ್ಲಿ ಮಗ್ಗ ಇದೆ. ಎತ್ತರದ ಚೂಪು ಆರ್ ನೋಡಿ, “ಇದು ಸೆರಗಿನ ತೆನಿ ಇದ್ದಂಗ ಐತ್ರಿ” ಅಂದಳು. ಇಳಕಲ್ ಸೀರೆಯ ಟೋಪ್ ತೆನಿ ಸೆರಗು ನೋಡಿದವರಿಗೆ ಗೊತ್ತು, ಕೆಂಪಿನ ಮೇಲೆ ಸಾಲಾಗಿ ಬಿಳಿ ಮೊನೆಗಳು. ‘ತೆನೆ’ಗೆ ಜೋಳದ ತೆನೆ ಅಂತಲೂ ಅರ್ಥ, ಕೋಟೆಯ ತೆನೆ ಅಂತಲೂ ಅರ್ಥ. ಎರಡೂ ಮೇಲಕ್ಕೆ ಚಾಚಿಕೊಂಡವು. ಪಿ ಮತ್ತು ಟಿ ದುಂಡಗೆ, ಮೆಲ್ಲಗೆ ಏಳುವಂಥವು. ಅವಕ್ಕೆ ‘ಉಬ್ಬು’ ಸಾಕು. ಕ್ಯೂಆರ್‌ಎಸ್‌ಗೆ ‘ತೆನೆ’. ಆಗ ನಾಡಿ ಲೆಕ್ಕವೂ ಸುಲಭ: ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ, ಒಂದು ದೊಡ್ಡ ಮನೆ 0.2 ಸೆಕೆಂಡು, ಅಂದರೆ ನಿಮಿಷಕ್ಕೆ 300 ಮನೆ. ತೆನೆಯಿಂದ ತೆನೆಗೆ ಎಷ್ಟು ದೊಡ್ಡ ಮನೆ ಅಂತ ಎಣಿಸಿ, 300ನ್ನು ಅದರಿಂದ ಭಾಗಿಸು. ನಾಲ್ಕು ಮನೆ ಇದ್ದರೆ ನಿಮಿಷಕ್ಕೆ 75 ಬಡಿತ. ತಾಳ ತಪ್ಪಿದ್ದರೆ ಈ ಲೆಕ್ಕ ನಡೆಯುವುದಿಲ್ಲ, ಅದನ್ನೂ ಬರೆದಿದ್ದೇನೆ. (ಚೌಕಕ್ಕೆ ‘ಮನೆ’ ಅಂದದ್ದು ಚೌಕಾಬಾರದಿಂದ. ಇದನ್ನು ಮಾತ್ರ ವಿವರಿಸಬೇಕಾಗಲೇ ಇಲ್ಲ.)

‘ತೆನೆ’ಯ ಬಗ್ಗೆ ನನಗಿರುವ ಅನುಮಾನ ಒಂದೇ. ಕೆಲವು ನೋಟಗಳಲ್ಲಿ ಕ್ಯೂಆರ್‌ಎಸ್ ಕೆಳಮುಖ ಆಗಿರುತ್ತದೆ; ಎವಿಆರ್‌ನಲ್ಲಿ ಸಾಮಾನ್ಯವಾಗಿ ಹಾಗೇ. ಆಗ ‘ಕೆಳಗಿನ ತೆನೆ’ ಅನ್ನಬಹುದಾ? ಜೋಳ ಹಣ್ಣಾದ ಮೇಲೆ ತೆನೆ ಬಾಗುವುದುಂಟು, ಆದರೆ ತಲೆಕೆಳಗಾದ ತೆನೆ ಅಂದರೆ ರೈತರ ಮಕ್ಕಳಿಗೆ ಬೆಳೆ ಕೆಟ್ಟ ಹಾಗೆ ಅನಿಸುತ್ತದೋ ಏನೋ.

‘ಲಯ’ ಬಿಟ್ಟು ‘ತಾಳ’ ಇಟ್ಟುಕೊಂಡಿದ್ದೇನೆ. ಲಯಕ್ಕೆ ನಾಶ ಅನ್ನೋ ಅರ್ಥವೂ ಇದೆ, ರೋಗಿಯ ಮುಂದೆ ಅದು ಬೇಡ. ತಾಳ ತಪ್ಪುವುದು ಭಜನೆಗೆ ಕೂತವರಿಗೆಲ್ಲ ಗೊತ್ತು. ಪಿ, ಕ್ಯೂ, ಆರ್, ಎಸ್, ಟಿ ಅಕ್ಷರಗಳು ಹಾಗೇ ಇರುತ್ತವೆ. ಅವು ಯಾವ ಪದದ ಗಿಡ್ಡ ರೂಪವೂ ಅಲ್ಲ, ಅನುವಾದ ಮಾಡಲು ಅಲ್ಲೇನೂ ಇಲ್ಲ.

‘ನೋಟ’ ಒಪ್ಪಿಗೆಯಾ, ಇನ್ನೂ ಹತ್ತಿರದ ಪದ ಇದೆಯಾ? ಬೆಳಗಾವಿ, ವಿಜಯಪುರದ ಆಸ್ಪತ್ರೆಗಳಲ್ಲಿ ಕೆಲಸ ಮಾಡುವವರು ಇಲ್ಲಿದ್ದರೆ, ನೀವು ಲೀಡಿಗೆ ಮಾತಿನಲ್ಲಿ ಏನಂತೀರಿ, ಒಂದು ಸಾಲು ಬರೆಯಿರಿ. ಮುಂದಿನ ಬ್ಯಾಚಿನ ಹುಡುಗಿಯರು ಬರುವ ಮೊದಲು ಟಿಪ್ಪಣಿಯನ್ನು ಜೆರಾಕ್ಸ್‌ಗೆ ಕೊಡಬೇಕು.