‘ಕದನವಿರಾಮ ನಿಲ್ಲುತ್ತದೆಯೇ?’ ಎಂದರೆ ಉಳಿಯುವುದೋ, ಮುಗಿಯುವುದೋ?

ಪ್ರಶ್ನೆ: ರಾಯಚೂರು

ಪತ್ರಿಕೆಯ ಅನುವಾದ ವಿಭಾಗದಿಂದ ಕೇಳ್ತಿರೋದು. ಎಲ್ಲೋ ಗುಂಡಿನ ಸದ್ದು ಅಡಗಿದ ಮರುದಿನವೇ ‘ಇದು ಎಷ್ಟು ದಿನ?’ ಎಂಬ ವಿಶ್ಲೇಷಣೆಗಳು ಬರತೊಡಗುತ್ತವೆ. ‘ಕದನವಿರಾಮ ನಿಲ್ಲುತ್ತದೆಯೇ?’ ಎಂದು ತಲೆಬರಹ ಕೊಟ್ಟರೆ ಎರಡರ್ಥ. ಗೋಡೆ ನಿಂತಿದೆ ಅಂದರೆ ಉಳಿದಿದೆ, ಮಳೆ ನಿಂತಿದೆ ಅಂದರೆ ಮುಗಿದಿದೆ. ನಮ್ಮ ಕಡೆಯ ‘ನಿಂದರ್ತದೇನು’ ಅಂದರೂ ತೊಡಕು ತಪ್ಪದು. ಯಾವ ಕ್ರಿಯಾಪದ ಬಳಸಬೇಕು? ಕದನವಿರಾಮ, ಯುದ್ಧಸ್ತಂಭನ ಎರಡೂ ಒಂದೇನಾ? ‘ದುರ್ಬಲ ಕದನವಿರಾಮ’ ಸರಿಯೇ?

ಉತ್ತರ: ಬಳ್ಳಾರಿ

‘ಉಳಿ’ ಅಥವಾ ‘ಬಾಳು’ ಬಳಸಿ, ಅದೂ ಸಂಭಾವನಾರ್ಥಕ ರೂಪದಲ್ಲಿ: ‘ಕದನವಿರಾಮ ಉಳಿದೀತೇ?’, ‘ಬಾಳೀತೇ?’ ಊಹೆಯ ಮಾತಿಗೆಂದೇ ನಮ್ಮಲ್ಲಿ ಈ ರೂಪ ಇದೆ. ‘ಉಳಿಯುವ ಸಾಧ್ಯತೆ ಇದೆಯೇ ಎಂಬ ಪ್ರಶ್ನೆ ಎದ್ದಿದೆ’ ಎಂದು ಎರಡು ಸಾಲು ಎಳೆಯುವುದೇ ಬೇಡ. ತಜ್ಞರು ‘ಭವಿಷ್ಯ ನುಡಿದಿದ್ದಾರೆ’ ಅನ್ನುವುದನ್ನೂ ಬಿಡಿ. ಅದು ಮೈಲಾರದ ಕಾರ್ಣಿಕಕ್ಕಿರಲಿ, ಇವರದು ಅಂದಾಜು.

ಆದರೆ ನಿಜವಾದ ಎಡವಟ್ಟು ಆಗುವುದು ‘ಉಲ್ಲಂಘನೆ’ ಮತ್ತು ‘ಮುರಿದುಬಿತ್ತು’ ನಡುವೆ. 2025ರ ಮೇ 10ರಂದು ಮಧ್ಯಾಹ್ನ 3.35ಕ್ಕೆ ಪಾಕಿಸ್ತಾನದ ಡಿಜಿಎಂಒ (ಸೇನಾ ಕಾರ್ಯಾಚರಣೆಗಳ ಮಹಾನಿರ್ದೇಶಕರು) ಭಾರತದ ಡಿಜಿಎಂಒಗೆ ಕರೆ ಮಾಡಿದರು. ಸಂಜೆ 5ರಿಂದ ನೆಲ, ಆಕಾಶ, ಸಮುದ್ರ ಮೂರರಲ್ಲೂ ಗುಂಡು ನಿಲ್ಲಿಸುವುದೆಂದಾಯಿತು. ಅದೇ ರಾತ್ರಿ ಉಲ್ಲಂಘನೆಯಾಗಿದೆ ಎಂದು ಭಾರತದ ವಿದೇಶಾಂಗ ಕಾರ್ಯದರ್ಶಿಯೇ ಹೇಳಿದರು. ಆ ಹೊತ್ತಿಗೆ ‘ಮುರಿದುಬಿತ್ತು’ ಎಂದು ಅಚ್ಚು ಹಾಕಿದ್ದರೆ ತಪ್ಪಾಗುತ್ತಿತ್ತು, 12ರಂದು ಇಬ್ಬರೂ ಡಿಜಿಎಂಒಗಳು ಮತ್ತೆ ಮಾತಾಡಿದರು. ಮೊದಲ ಕೆಲವು ಗಂಟೆ ಆದೇಶ ಎಲ್ಲ ಠಾಣೆಗೂ ಮುಟ್ಟಿರುವುದಿಲ್ಲ, ಕೊನೇ ಗಳಿಗೆಯಲ್ಲಿ ಒಂದಿಷ್ಟು ನೆಲ ಹಿಡಿಯುವ ಆಸೆಯೂ ಇರುತ್ತದೆ. ಹಾಗಾಗಿ ಮೊದಲ ರಾತ್ರಿಯ ಗುಂಡು ನೋಡಿ ಅಂದಾಜು ಕಟ್ಟಬಾರದು.

ಇದಕ್ಕೆ ತಿರುವುಮುರುವು ಶ್ರೀಲಂಕಾ. ನಾರ್ವೆಯ ಮಧ್ಯಸ್ಥಿಕೆಯಲ್ಲಿ 2002ರ ಫೆಬ್ರುವರಿಯಲ್ಲಿ ಸರ್ಕಾರ ಮತ್ತು ಎಲ್‌ಟಿಟಿಇ ನಡುವೆ ಆದ ಕದನವಿರಾಮ ಒಪ್ಪಂದವನ್ನು ಕೈಬಿಡಬೇಕಾದರೆ 14 ದಿನ ಮೊದಲು ನೋಟಿಸ್ ಕೊಡಬೇಕಿತ್ತು. 2006ರ ಜುಲೈನಲ್ಲಿ ಎಲ್‌ಟಿಟಿಇ ಮಾವಿಲಾರು ತೂಬು ಮುಚ್ಚಿ ಕೆಳಗಿನ ಗದ್ದೆಗಳಿಗೆ ನೀರು ಬರದಂತಾದಾಗ ದೊಡ್ಡ ಕಾಳಗವೇ ಶುರುವಾಯಿತು. ಸರ್ಕಾರದ ನೋಟಿಸ್ ಬಂದದ್ದು ಮಾತ್ರ 2008ರ ಜನವರಿಯಲ್ಲಿ. ನಡುವಿನ ಒಂದೂವರೆ ವರ್ಷ ಅದು ‘ಜಾರಿಯಲ್ಲಿದೆ’, ಆದರೆ ‘ಪಾಲನೆಯಲ್ಲಿಲ್ಲ’. ಈ ಎರಡು ಪದಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಿ, ತುಂಬಾ ಕೆಲಸಕ್ಕೆ ಬರುತ್ತವೆ.

‘ದುರ್ಬಲ’ ಬರೆಯಿರಿ, ಆದರೆ ಏನು ದುರ್ಬಲ ಎಂದು ಪಠ್ಯದಲ್ಲಿ ತೋರಿಸಿ. ಯಾವ ಗಂಟೆಯಿಂದ ಜಾರಿ, ಯಾವ ಗೆರೆಯ ಆಚೀಚೆ, ದೂರು ಬಂದರೆ ಯಾರು ನೋಡುತ್ತಾರೆ, ಇಬ್ಬರ ನಡುವೆ ನೇರ ಫೋನ್ ಇದೆಯೇ ಎಂದು ಒಪ್ಪಂದದಲ್ಲಿ ಹುಡುಕಿ. ಎಲ್ಲಕ್ಕಿಂತ ಮುಖ್ಯ ಅವಧಿ. 2023ರ ನವೆಂಬರ್ 24ರಂದು ಗಾಜಾದಲ್ಲಿ ಶುರುವಾದದ್ದು 4 ದಿನದ್ದು. ಎರಡು ಸಲ ವಿಸ್ತರಿಸಿ 7 ದಿನಕ್ಕೆ ಮುಗಿಯಿತು. ಅದಕ್ಕೆ ‘ತಾತ್ಕಾಲಿಕ ವಿರಾಮ’ ಸಾಕು. ಅಲ್ಲೇ 2025ರ ಜನವರಿ 19ರಂದು ಶುರುವಾದದ್ದು ಮೂರು ಹಂತದ್ದು. ಮೊದಲ ಹಂತ 42 ದಿನ, ಎರಡನೆಯದರ ಮಾತುಕತೆ 16ನೇ ದಿನದೊಳಗೆ ಶುರುವಾಗಬೇಕಿತ್ತು. ಯುದ್ಧ ಪೂರ್ತಿ ಮುಗಿಸುವುದು, ಸೇನೆ ಹಿಂತೆಗೆಯುವುದು ಎಂಬ ಕಗ್ಗಂಟೆಲ್ಲ ಆ ಎರಡನೇ ಹಂತದಲ್ಲಿತ್ತು. ಮೊದಲ ಹಂತದ ಗಡುವು ಮುಗಿಯಿತು, ಎರಡನೆಯದು ಕುದುರಲಿಲ್ಲ, ಮಾರ್ಚ್ 18ರಂದು ಇಸ್ರೇಲ್ ಭಾರಿ ದಾಳಿ ನಡೆಸಿತು. ಕಷ್ಟದ ಕಲಮುಗಳನ್ನು ಮುಂದಕ್ಕೆ ತಳ್ಳಿದ ಒಪ್ಪಂದ ಕಂಡರೆ, ಹಂತ ಬದಲಾಗುವ ದಿನದ ಮೇಲೆ ಕಣ್ಣಿಡಿ.

ಯುದ್ಧಸ್ತಂಭನವನ್ನು (ಇಂಗ್ಲಿಷಿನ ‘ಆರ್ಮಿಸ್ಟಿಸ್’) ಕದನವಿರಾಮಕ್ಕೆ ಪರ್ಯಾಯವಾಗಿ ಬಳಸಬೇಡಿ. ಕೊರಿಯಾದಲ್ಲಿ 1953ರ ಜುಲೈ 27ರಂದು ಬೆಳಿಗ್ಗೆ 10ಕ್ಕೆ ಸಹಿ, ರಾತ್ರಿ 10ಕ್ಕೆ ಜಾರಿ. 72 ಗಂಟೆಯೊಳಗೆ ಎರಡೂ ಕಡೆಯವರು ಗೆರೆಯಿಂದ 2 ಕಿಲೋಮೀಟರ್ ಹಿಂದೆ ಸರಿಯಬೇಕು. ಸಹಿ ಮಾಡಿದವರು ಸೇನಾಧಿಪತಿಗಳು. ದಕ್ಷಿಣ ಕೊರಿಯಾ ಸಹಿಯನ್ನೇ ಹಾಕಲಿಲ್ಲ. ಶಾಂತಿ ಒಪ್ಪಂದ ಇವತ್ತಿಗೂ ಆಗಿಲ್ಲ. (ಅಲ್ಲಿನ ಯುದ್ಧಕೈದಿಗಳ ವಾಪಸಾತಿ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ಕೊಡಗಿನ ಜನರಲ್ ತಿಮ್ಮಯ್ಯ.) ಯುದ್ಧವಿನ್ನೂ ಮುಗಿದಿಲ್ಲ, ವಿರಾಮ ಮಾತ್ರ 70 ವರ್ಷ ದಾಟಿದೆ. ಹೀಗೆ ಗೆರೆ, ಆಯೋಗ, ಸೇನೆಯಿಲ್ಲದ ಪಟ್ಟಿ ಎಲ್ಲ ಬರವಣಿಗೆಯಲ್ಲಿದ್ದರೆ ಮಾತ್ರ ‘ಸ್ತಂಭನ’. ಬರೀ ಫೋನಿನ ಮೇಲೆ ಆದದ್ದಕ್ಕೆ ಅಷ್ಟು ದೊಡ್ಡ ಹೆಸರು ಬೇಡ. 2025ರ ಮೇ ತಿಂಗಳಲ್ಲಿ ಭಾರತ ಒಪ್ಪಂದ ಅನ್ನದೆ ‘ತಿಳಿವಳಿಕೆ’ ಅಂದದ್ದು ಸುಮ್ಮನೆ ಅಲ್ಲ.

ಸೇರ್ಪಡೆ: ಕೊಪ್ಪಳ

ಬಳ್ಳಾರಿಯವರು ಹೇಳಿದ್ದು ಬಹುಪಾಲು ಒಪ್ಪತಕ್ಕದ್ದೇರಿ, ಆದರೆ ‘ಬಾಳೀತೇ’ ಈ ಕಡೆ ಸಂಸಾರದ ಮಾತಿನಂತೆ ಕೇಳಿಸ್ತದೆ. ‘ಬಾಳಿಕೆ ಬಂದೀತೇ’ ಅಂದರೆ ಚಪ್ಪಲಿ, ಬಟ್ಟೆಯ ಮಾತಾಗ್ತದೆ. ‘ತಡದೀತೇನು’ ಮಾತಿನಲ್ಲಿ ಚಂದ, ಅಚ್ಚಿನಲ್ಲಿ ‘ತಡೆ’ಗೂ ‘ನಿಲ್ಲು’ವಿನ ರೋಗವೇ. ‘ಉಳಿದೀತೇ’ ಒಂದೇ ಸಾಕು. ಉರ್ದು ಓದುವವರಿಗೆ ‘ಜಂಗ್‌ಬಂದಿ ಬರ್ಕರಾರ್’ (ಕದನವಿರಾಮ ಉಳಿದಿದೆ) ಅಂದರೆ ಸಾಕು, ಗೊಂದಲವೇ ಇಲ್ಲ.

ಇನ್ನೊಂದು ಬೆರಕೆ ಆಗಬಾರದು. 1947ರ ನವೆಂಬರ್ 29ರಂದು ಹೈದರಾಬಾದ್ ನಿಜಾಮರ ಜೊತೆ ಭಾರತ ಮಾಡಿಕೊಂಡದ್ದನ್ನು ಕೆಲವರು ‘ಕದನವಿರಾಮ’ ಎಂದು ಬರೀತಾರೆ. ಆಗ ನಿಲ್ಲಿಸಲು ಕದನವೇ ನಡೆದಿರಲಿಲ್ಲ. ಅದು ಯಥಾಸ್ಥಿತಿ ಒಪ್ಪಂದ, ಅವಧಿ ಒಂದು ವರ್ಷ. ಜಗಳ ಬಂದರೆ ಒಂದೊಂದು ಕಡೆಯಿಂದ ಒಬ್ಬೊಬ್ಬ ಮಧ್ಯಸ್ಥ, ಆ ಇಬ್ಬರೂ ಸೇರಿ ಆರಿಸಿದ ಒಬ್ಬ ತೀರ್ಪುಗಾರ ಎಂಬ ಕಲಮು ಅದರಲ್ಲಿತ್ತು. ಗಡಿಯಲ್ಲಿ ರಜಾಕಾರರ ಹಾವಳಿ, ಭಾರತದ ನೋಟಿಗೆ ನಿಜಾಮರ ನಿರ್ಬಂಧ, ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿ ಸಾಲ ಎಂದು ಒಂದರ ಮೇಲೊಂದು ಬಂದವು. ಕಲಮು ಕಲಮಾಗಿಯೇ ಉಳಿಯಿತು. ವರ್ಷ ತುಂಬುವ ಮುಂಚೆ, 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಬಂತು. ಇದಕ್ಕೆ ‘ಉಲ್ಲಂಘನೆ’, ‘ಮುರಿದುಬಿತ್ತು’ ಎರಡೂ ಸಲ್ಲುತ್ತವೆ, ‘ಕದನವಿರಾಮ’ ಮಾತ್ರ ಸಲ್ಲದು.